ಚುಕ್ಕಿ ಅಲಂಕಾರಕ್ಕಿಟ್ಟಿದ್ದಲ್ಲ

ಪುನ್ನಾಗವರಾಳಿ ರಾಗದ ಆರೋಹಣ ಬರೆಯೋಕೆ ಎಂಟು ಅಕ್ಷರ ಸಾಕು: ನಿ ಸ ರಿ ಗ ಮ ಪ ದ ನಿ. ಶುರುವಾಗೋದೂ ನಿಯಿಂದ, ಮುಗಿಯೋದೂ ನಿಯಲ್ಲಿ. ಆದರೆ ಮೊದಲನೇ ನಿ ಮಂದ್ರಸ್ಥಾಯಿಯದು, ಆಧಾರ ಷಡ್ಜಕ್ಕಿಂತ ಕೆಳಗಿನದು. ಕೊನೆಯ ನಿ ಮಧ್ಯಸ್ಥಾಯಿಯದು. ಎರಡರ ನಡುವೆ ಒಂದಿಡೀ ಸ್ಥಾಯಿಯ ಅಂತರ. ಕಾಗದದ ಮೇಲೆ ಆ ಅಂತರವನ್ನು ಹೇಳೋದು ಒಂದೇ ಒಂದು ವಸ್ತು, ಮೊದಲ ನಿ ಕೆಳಗಿನ ಚುಕ್ಕಿ. (ಅದನ್ನು ಇಲ್ಲಿ ಹಾಕಿ ತೋರಿಸೋ ಧೈರ್ಯ ನನಗಿಲ್ಲ. ಇದು ನಿಮ್ಮ ಕೈಗೆ ಬರೋ ಹೊತ್ತಿಗೆ ಆ ಚುಕ್ಕಿ ಎಲ್ಲಿಗೆ ಹೋಗಿ ಕೂತಿರುತ್ತೋ ಯಾರಿಗೆ ಗೊತ್ತು.)

ನಮ್ಮಕ್ಕ ತಾಲ್ಲೂಕು ಊರೊಂದರಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತಾಳೆ. ಜೂನಿಯರ್ ಪರೀಕ್ಷೆಗೆ ಕೂರೋ ಮಕ್ಕಳಿಗಾಗಿ ಸರಳೆ ವರಸೆಯಿಂದ ಶುರುಮಾಡಿ ಗೀತೆಗಳವರೆಗೆ ಒಂದು ಪಾಠಪುಸ್ತಕ ಮಾಡಿಸಿದಳು. ಕೈಯಲ್ಲಿ ಬರೆದ ಪ್ರತಿ ಅಚ್ಚುಕಟ್ಟಾಗಿತ್ತು, ಒಂದು ಚುಕ್ಕಿ ಆಚೀಚೆ ಇರಲಿಲ್ಲ. ಡಿಟಿಪಿಗೆ ಕೊಟ್ಟಳು. ಮೊದಲ ಪ್ರೂಫಿನಲ್ಲಿ ಚುಕ್ಕಿಗಳೆಲ್ಲ ಅಕ್ಷರದ ಕೆಳಗೆ ಇರೋ ಬದಲು ಬಲಗಡೆ ಮೂಲೆಗೆ ಸರಿದಿದ್ದವು. ಎರಡನೇ ಪ್ರೂಫಿನಲ್ಲಿ ಒಂದು ಚುಕ್ಕಿ ಇರಬೇಕಾದ ಕಡೆ ಎರಡೆರಡು ಬಂದವು. ಮೂರನೇದು ಸರಿಯಾಗಿತ್ತು, ಅಕ್ಕ ಸಹಿ ಹಾಕಿ ಕೊಟ್ಟಳು. ಆಮೇಲೆ ಪುಣ್ಯಾತ್ಮರು ಎರಡು ಫಾರಂ ಉಳಿಸೋಕೆ ಅಂತ ಸಾಲುಗಳ ನಡುವಿನ ಜಾಗ ಕಡಿಮೆ ಮಾಡಿ ಮುದ್ರಿಸಿಬಿಟ್ಟರು.

ಸಾಲಿನ ಜಾಗ ಕಡಿಮೆಯಾದರೆ ಏನಾಗುತ್ತೆ ಅಂತ ನೀವು ಕೇಳಬಹುದು. ಕಥೆ ಪುಸ್ತಕ ಆಗಿದ್ದರೆ ಏನೂ ಆಗ್ತಿರಲಿಲ್ಲ, ಓದೋರ ಕಣ್ಣಿಗೆ ಸ್ವಲ್ಪ ಕಷ್ಟ ಅಷ್ಟೆ. ಇಲ್ಲಿ ಮೇಲಿನ ಸಾಲು ಸ ನಿ ದ ಪ, ನಿ ದ ಪ ಮೂರಕ್ಕೂ ಕೆಳಗೆ ಚುಕ್ಕಿ. ಅದರ ಕೆಳಗಿನ ಸಾಲು ಸ ರಿ ಗ ಮ, ಚುಕ್ಕಿ ಇಲ್ಲ. ಸಾಲು ಹತ್ತಿರ ಬಂದಾಗ ಮೇಲಿನ ಸಾಲಿನ ಕೆಳಚುಕ್ಕಿಗಳು ಕೆಳಗಿನ ಸಾಲಿನ ಮೇಲ್ಚುಕ್ಕಿಗಳಾದವು. ಅಂದರೆ ಮಂದ್ರದ ನಿ ದ ಪ ಮಧ್ಯಸ್ಥಾಯಿಗೆ ಹತ್ತಿತು, ಮಧ್ಯದ ರಿ ಗ ಮ ತಾರಸ್ಥಾಯಿಗೆ ಹಾರಿತು. ದಸರಾ ರಜದಲ್ಲಿ ಒಬ್ಬಳು ಹುಡುಗಿ ಅಜ್ಜಿ ಮನೆಗೆ ಹೋಗಿದ್ದಾಗ ಪುಸ್ತಕ ನೋಡಿಕೊಂಡು ಶ್ರದ್ಧೆಯಿಂದ ಹದಿನೈದು ದಿನ ಅಭ್ಯಾಸ ಮಾಡಿಕೊಂಡು ಬಂದಳು. ತಾರಸ್ಥಾಯಿ ಮಧ್ಯಮ ಮುಟ್ಟೋಕೆ ಹೋಗಿ ಗಂಟಲು ಕೆಟ್ಟಿತ್ತು. 'ಮಿಸ್, ನನಗೆ ಸಂಗೀತ ಬರಲ್ಲ ಅನ್ಸುತ್ತೆ' ಅಂತ ಅತ್ತಳಂತೆ. ಪುಸ್ತಕದಲ್ಲಿ ಹೇಗಿತ್ತೋ ಹಾಗೇ ಹಾಡಿದ್ದ ಮಗು ಅದು.

ಅಂಗಡಿಯವರು ಹೇಳಿದ್ದು: 'ಮೇಡಮ್, ಅದು ಫಾಂಟ್ ಪ್ರಾಬ್ಲಮ್. ಚುಕ್ಕಿ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.'

ಇನ್ನೂರು ಪ್ರತಿ. ಅಕ್ಕ ಕೆಂಪು ಪೆನ್ನು ಹಿಡಿದು ಹಜಾರದಲ್ಲಿ ಕೂತು ಒಂದೊಂದಾಗಿ ತಿದ್ದಿದಳು. ನನಗೆ ಫೋನ್ ಮಾಡಿ ಬೈದದ್ದು ಬೇರೆ. 'ಲೋ, ಅಷ್ಟು ಓದಿದ್ದೀಯ, ದೊಡ್ಡ ದೊಡ್ಡ ಕಂಪನೀಲಿ ಕೆಲಸ ಮಾಡ್ತೀಯ. ಒಂದು ಚುಕ್ಕಿ ಇಟ್ಟ ಜಾಗದಲ್ಲಿ ನಿಲ್ಲೋ ಹಾಗೆ ಮಾಡೋಕೆ ನಿಮ್ಮ ಕೈಲಿ ಆಗಲ್ವೇನೋ?'

ನನಗೆ ಸಿಟ್ಟು ಬಂದಿದ್ದು ಅಂಗಡಿಯವರ ಮೇಲಲ್ಲ. ಅವರಿಗೆ ಪುಟಕ್ಕಿಷ್ಟು ಅಂತ ದುಡ್ಡು, ಸಂಗೀತ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ. ಸಿಟ್ಟು ಬಂದಿದ್ದು 'ಚುಕ್ಕಿ ತಾನೇ' ಅನ್ನೋ ಮಾತಿನ ಮೇಲೆ. ನಮ್ಮೂರಲ್ಲಿ ಹೊಲದ ಬಾಂದು ಕಲ್ಲು ಎರಡು ಗೇಣು ಸರಿದರೆ ಯಾರೂ 'ಕಲ್ಲು ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನಲ್ಲ. ತಲೆ ಒಡೀತವೆ. ಯಾಕಂದರೆ ಅಲ್ಲಿ ಕಲ್ಲಿಗೆ ಬೆಲೆ ಇಲ್ಲ, ಕಲ್ಲು ನಿಂತ ಜಾಗಕ್ಕೆ ಬೆಲೆ.

ಈ ಮಾತು ವಿದ್ವಾಂಸರ ಬಾಯಲ್ಲೂ ಬೇರೆ ರೂಪದಲ್ಲಿ ಬರುತ್ತೆ. 'ಪುಸ್ತಕ ನೋಡಿ ಸಂಗೀತ ಬರುತ್ತೇನಪ್ಪ? ಗುರುಮುಖೇನ ಕಲೀಬೇಕು. ಸ್ವರಲಿಪಿ ಬರೀ ಅಸ್ಥಿಪಂಜರ. ಗೊತ್ತಿರೋರಿಗೆ ಚುಕ್ಕಿ ಇಲ್ಲದಿದ್ದರೂ ಗೊತ್ತಾಗುತ್ತೆ.' ಅರ್ಧ ಒಪ್ತೀನಿ ಸ್ವಾಮಿ. ಗಮಕ ಕಾಗದದಲ್ಲಿ ಪೂರ್ತಿ ಕೂರಲ್ಲ. ಆದರೆ ಗೊತ್ತಿರೋರಿಗೆ ಪುಸ್ತಕವೇ ಬೇಡವಲ್ಲ! ಪುಸ್ತಕ ಇರೋದು ಗೊತ್ತಿಲ್ಲದೋರಿಗೆ. ಹಳ್ಳಿಯಿಂದ ಬಸ್ ಹತ್ತಿ ವಾರಕ್ಕೊಂದು ದಿನ ಪಾಠಕ್ಕೆ ಬರೋ ಮಗುವಿಗೆ ಉಳಿದ ಆರು ದಿನ ಗುರು ಅಂದರೆ ಆ ಪುಸ್ತಕ, ಮತ್ತೆ ಫೋನಿನಲ್ಲಿರೋ ತಂಬೂರಿ. ಅಸ್ಥಿಪಂಜರ ಅಂತೀರಲ್ಲ, ಕಾಲಿನ ಮೂಳೆ ತಂದು ಭುಜಕ್ಕೆ ಸಿಕ್ಕಿಸಿದರೆ ಅದು ಅಸ್ಥಿಪಂಜರವೂ ಆಗಲ್ಲ.

ಹಿಂದಿನವರು ಹೀಗೆ ಮಾತಾಡಲಿಲ್ಲ. 1904ರಲ್ಲಿ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ತೆಲುಗು ಲಿಪಿಯಲ್ಲಿ ಪ್ರಕಟಿಸಿದರು. ಸ್ಥಾಯಿ, ಕಾಲ ಅಷ್ಟೇ ಅಲ್ಲ, ಒಂದೊಂದು ಗಮಕಕ್ಕೂ ಒಂದೊಂದು ಗುರುತು ಗೊತ್ತುಮಾಡಿ ಅಕ್ಷರದ ತಲೆ ಮೇಲೆ ಕೂರಿಸಿದರು. ಅದೂ ಸೀಸದ ಅಚ್ಚುಮೊಳೆ ಜೋಡಿಸೋ ಕಾಲದಲ್ಲಿ, ಕಂಪನವಿಲ್ಲದ ರಿಗೂ ಕಂಪನವಿರೋ ರಿಗೂ ಬೇರೆ ಬೇರೆ ಹೊಂದಿಸಿಕೊಂಡು. ಹಿಂದೂಸ್ತಾನಿ ಕಡೆ ಭಾತಖಂಡೆಯವರ ಪದ್ಧತಿಯಲ್ಲೂ ಕೆಳಚುಕ್ಕಿ ಮಂದ್ರ, ಮೇಲ್ಚುಕ್ಕಿ ತಾರ, ಅಡಿಗೆರೆ ಕೋಮಲ, ಮ ಮೇಲೆ ನಿಂತ ಗೆರೆ ತೀವ್ರ. ಧಾರವಾಡದ ಕಡೆ ಕಲಿತವರಿಗೆ ಇದು ಕೈಲೆಕ್ಕ. ಸೀಸದಲ್ಲಿ ಆಗ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ ಆಗಲ್ಲ ಅಂದರೆ ಕೆಟ್ಟಿರೋದು ಯಂತ್ರ ಅಲ್ಲ.

ಹಾಗಾದರೆ ಏನು ಕೆಟ್ಟಿದೆ? ಅಕ್ಕನ ಪ್ರೂಫುಗಳನ್ನು ಮುಂದಿಟ್ಟುಕೊಂಡು ನೋಡಿದೆ.

ಯೂನಿಕೋಡಿನಲ್ಲಿ ಅಕ್ಷರದ ಕೆಳಗೆ ಕೂರೋ ಚುಕ್ಕಿಗೆ 0323 ಅಂತ, ಮೇಲೆ ಕೂರೋದಕ್ಕೆ 0307 ಅಂತ ಸಂಖ್ಯೆ ಇದೆ. ಅಕ್ಷರ ಟೈಪಿಸಿ, ಅದರ ಬೆನ್ನಿಗೇ ಈ ಚುಕ್ಕಿ ಹಾಕಿದರೆ ಅದು ಹೋಗಿ ಅಕ್ಷರಕ್ಕೆ ಅಂಟಿಕೊಳ್ಳಬೇಕು. ಅಂಟೋಕೆ ಎರಡು ಕಡೆಯೂ ಗುರುತು ಬೇಕು. ಫಾಂಟ್ ಮಾಡಿದವರು ಒಂದೊಂದು ಅಕ್ಷರಕ್ಕೂ 'ಕೆಳಚುಕ್ಕಿ ಬಂದರೆ ಇಲ್ಲಿ ಕೂರಲಿ' ಅಂತ ಒಂದು ಬಿಂದು ಗೊತ್ತುಮಾಡಿರಬೇಕು. ಇದಕ್ಕೆ ಆಂಕರ್ ಅಂತಾರೆ. ಕನ್ನಡ ಫಾಂಟ್ ಮಾಡೋರು ಒತ್ತಕ್ಷರಕ್ಕೆ, ಗುಡಿಸು, ಕೊಂಬುಗಳಿಗೆ ಬೆವರು ಸುರಿಸಿ ಲೆಕ್ಕ ಹಾಕ್ತಾರೆ. ಆದರೆ ಚುಕ್ಕಿ ಕನ್ನಡದ ಅಕ್ಷರ ಅಲ್ಲವಲ್ಲ, ಅದಕ್ಕೆ ಆಂಕರ್ ಇಡೋ ಗೋಜಿಗೆ ಬಹಳ ಜನ ಹೋಗಿಲ್ಲ. ಆಂಕರ್ ಇಲ್ಲದಿದ್ದರೆ ಚುಕ್ಕಿ ಅಂದಾಜಿನ ಮೇಲೆ ಕೂರುತ್ತೆ. ಆ ಅಂದಾಜು ಇಂಗ್ಲಿಷಿನ ಕಿರಿದಾದ ಅಕ್ಷರಗಳ ಅಗಲಕ್ಕೆ ಹೊಂದಿಸಿದ್ದು. ನಮ್ಮ ಮ ಅಗಲವಾಗಿ, ಬಲಕ್ಕೆ ಬಾಲ ಬಿಟ್ಟುಕೊಂಡು ಕೂತಿರುತ್ತೆ. ಚುಕ್ಕಿ ಹೋಗಿ ಆ ಬಾಲದ ಕೆಳಗೆ ಬೀಳುತ್ತೆ, ಪಕ್ಕದ ಪಗೆ ಸೇರಿದ್ದೇನೋ ಅನ್ನೋ ಹಾಗೆ. ಮೊದಲ ಪ್ರೂಫಿನ ಕಥೆ ಇದು.

ಇನ್ನು ಕೆಲವು ಫಾಂಟುಗಳಲ್ಲಿ ಆ ಚುಕ್ಕಿಯ ಆಕಾರವೇ ಇರಲ್ಲ. ಆಗ ಕಂಪ್ಯೂಟರ್ ಚುಕ್ಕಿಯನ್ನು ಬೇರೊಂದು ಫಾಂಟಿನಿಂದ ಕಡ ತರುತ್ತೆ. ಒಂದು ಫಾಂಟಿನ ಅಕ್ಷರಕ್ಕೆ ಇನ್ನೊಂದು ಫಾಂಟಿನ ಚುಕ್ಕಿ ಅಂಟಲ್ಲ. ಅನಾಥವಾಗಿ ಪಕ್ಕದಲ್ಲಿ ನಿಲ್ಲುತ್ತೆ, ಇಲ್ಲ ಅಂದರೆ ಚುಕ್ಕಿಚುಕ್ಕಿಯ ಒಂದು ಬಳೆ ತೊಟ್ಟುಕೊಂಡು ಬರುತ್ತೆ. ಆ ಬಳೆ ಅಂದರೆ 'ಈ ಗುರುತಿಗೆ ಯಜಮಾನ ಯಾರು ಅಂತ ಗೊತ್ತಾಗಲಿಲ್ಲ' ಅಂತ ಕಂಪ್ಯೂಟರ್ ಕೈ ಎತ್ತಿದ್ದು. ರಿ, ನಿಗಳಲ್ಲಿ ಇದು ಹೆಚ್ಚು, ಯಾಕಂದರೆ ಅವಕ್ಕೆ ಗುಡಿಸು ಇದೆ. ಚುಕ್ಕಿಯನ್ನು ಗುಡಿಸಿಗಿಂತ ಮೊದಲು ಟೈಪಿಸಿಬಿಟ್ಟರೆ ನ ಒಂದು ಕಡೆ, ಗುಡಿಸು ಒಂದು ಕಡೆ. ಏಳು ಸ್ವರದಲ್ಲಿ ಐದು ಸರಿ ಬಂದು ಎರಡು ಮಾತ್ರ ಒಡೆದಿವೆ ಅಂದರೆ ಮೊದಲು ಟೈಪಿಸಿದ ಕ್ರಮ ನೋಡಿ.

ಎರಡನೇ ಪ್ರೂಫಿನ ಜೋಡಿಚುಕ್ಕಿ ಎಲ್ಲಿಂದ ಬಂತು? ಅದು ನುಕ್ತ. ಫ಼, ಜ಼ ಬರೆಯೋಕೆ ಕನ್ನಡಕ್ಕೆ ಕೊಟ್ಟ ಗುರುತು. ಕೀಬೋರ್ಡಿನಲ್ಲಿ ಸುಲಭವಾಗಿ ಸಿಗುತ್ತೆ, ಅಕ್ಷರದ ಕೆಳಗೇ ಕೂರುತ್ತೆ, ಅಂಗಡಿ ಹುಡುಗ ಅದನ್ನೇ ಒತ್ತಿದ್ದಾನೆ. ದೇವನಾಗರಿಯಲ್ಲಿ ನುಕ್ತ ಒಂದೇ ಚುಕ್ಕಿ, ಕನ್ನಡದ ಹೆಚ್ಚಿನ ಫಾಂಟುಗಳಲ್ಲಿ ಎರಡು. ಕಣ್ಣಿಗೆ ಸರಿ ಕಂಡರೂ ಅದು ತಪ್ಪೇ: ಕಂಪ್ಯೂಟರಿನ ಮಟ್ಟಿಗೆ ಅವನು ಮಂದ್ರಸ್ಥಾಯಿ ಬರೆದಿಲ್ಲ, ಉಚ್ಚಾರಣೆ ಬದಲಾಯಿಸಿದ್ದಾನೆ.

ದ್ವಿತೀಯ ಕಾಲದ ಗೆರೆಯದು ಇನ್ನೊಂದು ರಾಮಾಯಣ. ಅಕ್ಷರದ ಮೇಲೊಂದು ಗೆರೆ ಎಳೆದರೆ ವೇಗ ಇಮ್ಮಡಿ, ಎರಡು ಎಳೆದರೆ ನಾಲ್ಕು ಪಟ್ಟು. ವರ್ಡ್ ಪ್ರೊಸೆಸರಿನ ಮೇಲ್ಗೆರೆ ರಿ, ನಿಗಳ ಗುಡಿಸಿನ ತಲೆ ಸೀಳಿಕೊಂಡು ಹೋಗುತ್ತೆ, ತಾರಸ್ಥಾಯಿಯ ಚುಕ್ಕಿ ಇದ್ದರಂತೂ ಅದನ್ನು ನುಂಗಿಬಿಡುತ್ತೆ. ಒಂದು ಅಕ್ಷರಕಾಲಕ್ಕೆ ಕಾಮಾ, ಎರಡಕ್ಕೆ ಸೆಮಿಕೋಲನ್ ಹಾಕ್ತೀವಲ್ಲ, ಅದನ್ನು ಕಂಪ್ಯೂಟರ್ ವ್ಯಾಕರಣದ ಚಿಹ್ನೆ ಅಂದುಕೊಂಡು ಹಿಂದಿನ ಅಕ್ಷರಕ್ಕೆ ಎಳೆದುಕೊಳ್ಳುತ್ತೆ. ಸಾಲಿನ ಎರಡೂ ತುದಿ ಸಮ ಮಾಡೋಕೆ ಹೋದರೆ ಮೇಲಿನ ಸ್ವರ ಒಂದು ಕಡೆ, ಕೆಳಗಿನ ಸಾಹಿತ್ಯ ಇನ್ನೊಂದು ಕಡೆ.

ಇಷ್ಟನ್ನು ಓದಿ 'ಹಾಗಾದರೆ ಫಾಂಟ್ ಪ್ರಾಬ್ಲಮ್ಮೇ ತಾನೇ, ಅಂಗಡಿಯವರು ಸರಿಯಾಗೇ ಹೇಳಿದ್ದಾರೆ' ಅಂತ ನಿಮಗೆ ಅನ್ನಿಸಿರಬಹುದು. ನಾನೂ ಹಾಗೇ ಅಂದುಕೊಂಡೆ. ಅಲ್ಲೇ ಎಡವಿದೆ.

ಒಂದು ಶನಿವಾರ ಕೂತು ಅಕ್ಕನಿಗೆ ಒಂದು ಮ್ಯಾಕ್ರೋ ಬರೆದುಕೊಟ್ಟೆ. ಪ್ರತಿ ಚುಕ್ಕಿಯನ್ನೂ ಎಡಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಸರಿಸೋದು, ಮಗೆ ಬೇರೆ ಲೆಕ್ಕ, ಗುಡಿಸು ಇದ್ದರೆ ಬೇರೆ ಲೆಕ್ಕ. ಪುಟ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆನ್ನಾಗಿತ್ತು. ನಾಲ್ಕು ತಿಂಗಳಾದ ಮೇಲೆ ಅಕ್ಕ ಹೊಸ ಕಂಪ್ಯೂಟರ್ ತಗೊಂಡಳು. ಅದರಲ್ಲಿ ಆ ಫಾಂಟ್ ಇರಲಿಲ್ಲ, ಬೇರೆ ಕೂತಿತು. ಮೂವತ್ತು ಪುಟದ ಚುಕ್ಕಿಗಳೆಲ್ಲ ಒಟ್ಟಿಗೆ ಗುಳೆ ಎದ್ದವು. ಮೊದಲಾದರೂ ಚುಕ್ಕಿ ಯಾವ ಅಕ್ಷರದ್ದು ಅಂತ ಊಹಿಸಬಹುದಿತ್ತು, ನಾನು ಕೈಯಾರೆ ಸರಿಸಿದ್ದರಿಂದ ಈಗ ಅದೂ ಗೊತ್ತಾಗ್ತಿರಲಿಲ್ಲ. ಬಿಇ ಮಾಡಿ ಹತ್ತು ವರ್ಷದ ಮೇಲಾಗಿ ಸಾಫ್ಟ್‌ವೇರ್ ಬರೆದವನು ನಾನು ಮಾಡಿದ್ದು ಅಂಗಡಿ ಹುಡುಗ ಮಾಡಿದ್ದೇ. ಅಡ್ಜಸ್ಟ್.

ನಾನು ತಿದ್ದಿದ್ದು ಚುಕ್ಕಿಯ ಜಾಗ. ಆ ಕಡತದಲ್ಲಿ ಎಲ್ಲೂ 'ಈ ನಿ ಮಂದ್ರಸ್ಥಾಯಿಯದು' ಅನ್ನೋ ಸಂಗತಿ ಬರೆದಿರಲೇ ಇಲ್ಲ. ಮಸಿಯ ಒಂದು ತೊಟ್ಟು ಇತ್ತು, ಅದನ್ನು ಅಲ್ಲಿಂದ ಇಲ್ಲಿಗೆ ಎಳೆದಾಡಿದ್ದೆ ಅಷ್ಟೆ.

ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯವರನ್ನು ನೋಡಿ. ಅವರಿಗೂ ಚುಕ್ಕಿ ಇದೆ. ಸ್ವರದ ತಲೆಯ ಬಲಕ್ಕೆ ಚುಕ್ಕಿ ಇಟ್ಟರೆ ಅದರ ಕಾಲ ಅರ್ಧದಷ್ಟು ಹೆಚ್ಚುತ್ತೆ. ಅದೇ ಚುಕ್ಕಿ ತಲೆಯ ಮೇಲೋ ಕೆಳಗೋ ಇದ್ದರೆ ಸ್ವರವನ್ನು ಚಿಕ್ಕದಾಗಿ ಕಡಿದು ನುಡಿಸಬೇಕು. ಒಂದೇ ಮಸಿ, ಜಾಗ ಬೇರೆಯಾದರೆ ಅರ್ಥ ಉಲ್ಟಾ. ಆದರೆ ಅವರ ಸಾಫ್ಟ್‌ವೇರಿನಲ್ಲಿ ಯಾರೂ ಚುಕ್ಕಿಯನ್ನು ಹಿಡಿದು ಎಳೆದಾಡೋದು ಮೊದಲ ಹೆಜ್ಜೆ ಅಲ್ಲ. 'ಈ ಸ್ವರ ಸ್ಟಕಾಟೋ' ಅಂತ ಹೇಳಿದರೆ ಸಾಕು. ಸ್ವರದ ಕಡ್ಡಿ ಮೇಲಿದ್ದರೆ ಚುಕ್ಕಿ ಕೆಳಗೆ, ಕಡ್ಡಿ ತಿರುಗಿದರೆ ಚುಕ್ಕಿಯೂ ತಾನೇ ಆ ಕಡೆ ಹೋಗುತ್ತೆ. ಕಾಲದ ಚುಕ್ಕಿ ಗೆರೆಯ ಮೇಲೆ ಬಿದ್ದು ಮಾಯವಾಗೋ ಹಾಗಿದ್ದರೆ ತಾನೇ ಸ್ವಲ್ಪ ಮೇಲಕ್ಕೆ ಜರುಗಿ ಬಿಳಿ ಜಾಗದಲ್ಲಿ ಕೂರುತ್ತೆ. ಈ ನಿಯಮಗಳನ್ನೆಲ್ಲ ಕೂತು ಬರೆದವರಿದ್ದಾರೆ. ಎಲೇನ್ ಗೌಲ್ಡ್ ಅನ್ನೋ ಸಂಪಾದಕಿ 2011ರಲ್ಲಿ ಇದರ ಮೇಲೇ 'ಬಿಹೈಂಡ್ ಬಾರ್ಸ್' ಅಂತ ಒಂದು ದಪ್ಪ ಪುಸ್ತಕ ತಂದರು. ಸ್ಮಫಲ್ ಅನ್ನೋ ಸಂಗೀತ ಫಾಂಟುಗಳ ಮಾನಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿಹ್ನೆಗಳಿವೆ, ಜೊತೆಗೆ ಸ್ವರದ ತಲೆಗೆ ಕಡ್ಡಿ ಎಲ್ಲಿ ಕೂಡಬೇಕು ಅಂತ ಹೇಳೋ ಅಳತೆಯ ಕಡತವೂ ಇರುತ್ತೆ. ಲಿಲಿಪಾಂಡ್ ಅಂತ 1996ರಿಂದ ಇರೋ ಉಚಿತ ಸಾಫ್ಟ್‌ವೇರಿನಲ್ಲಿ ಸ್ವರದ ಹೆಸರಿನ ಮುಂದೆ ಒಂದು ಅಪಾಸ್ಟ್ರಫಿ ಹಾಕಿದರೆ ಮೇಲಿನ ಸ್ಥಾಯಿ, ಕಾಮಾ ಹಾಕಿದರೆ ಕೆಳಗಿನದು. ಬರೆಯೋನು ಅರ್ಥ ಬರೀತಾನೆ, ಜಾಗ ಹುಡುಕೋದು ಯಂತ್ರದ ಕೆಲಸ.

ಇದರಿಂದ ಏನು ಲಾಭ ಅಂತ 2024ರ ಆಗಸ್ಟಿನಲ್ಲಿ ಗೊತ್ತಾಯ್ತು. 1988ರಿಂದ ಇದ್ದ ಫಿನಾಲೆ ಅನ್ನೋ ದೊಡ್ಡ ಸ್ವರಲಿಪಿ ಸಾಫ್ಟ್‌ವೇರನ್ನು ನಿಲ್ಲಿಸ್ತೀವಿ ಅಂತ ಅದರ ಕಂಪನಿ ಹೇಳಿತು. ಜನ ಗೋಳಾಡಿದರು, ನಿಜ. ಆದರೆ ಅವರಿಗೊಂದು ಹೊರದಾರಿ ಇತ್ತು. ಮ್ಯೂಸಿಕ್ ಎಕ್ಸ್‌ಎಂಎಲ್ ಅನ್ನೋ ಸಾಮಾನ್ಯ ರೂಪಕ್ಕೆ ಕಡತಗಳನ್ನು ಇಳಿಸಿ ಇನ್ನೊಂದು ಸಾಫ್ಟ್‌ವೇರಿಗೆ ಹೊತ್ತುಕೊಂಡು ಹೋಗೋದು. ಅದರಲ್ಲಿ ಸ್ಥಾಯಿ ಅಂದರೆ ಚುಕ್ಕಿ ಅಲ್ಲ, 0ಯಿಂದ 9ರವರೆಗಿನ ಒಂದು ಅಂಕಿ. ಒಂದೊಂದು ಗುರುತು ಅಲುಗಿರಬಹುದು, ಸ್ವರ ಹಾಳಾಗಲ್ಲ. ನಮ್ಮ ಕಡೆ? ಯೂನಿಕೋಡ್ ಬರೋಕೆ ಮುಂಚೆ ಅವರವರದೇ ಫಾಂಟಿನಲ್ಲಿ, ಚುಕ್ಕಿ ಹಾಕಿದ ನಿಗೆ ಒಂದು ಕೀಲಿ ಕದ್ದು ಜೋಡಿಸಿಕೊಂಡು ಮಾಡಿದ ಸ್ವರಲಿಪಿಗಳಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಶೇಕಡಾ ಗುರುತುಗಳ ಕಲಸುಮೇಲೋಗರ. ಅದಕ್ಕೆ ಹೊರದಾರಿ ಇಲ್ಲ. ಯಾರಾದರೂ ಮತ್ತೆ ಮೊದಲಿಂದ ಟೈಪಿಸಬೇಕು.

'ಅವರಿಗೆ ದುಡ್ಡಿದೆ, ಮಾರುಕಟ್ಟೆ ಇದೆ, ನಮಗ್ಯಾರು ಮಾಡ್ತಾರೆ' ಅನ್ನೋ ಗೊಣಗಾಟ ನನಗೆ ಚೆನ್ನಾಗಿ ಗೊತ್ತು, ಆಫೀಸಿನ ಕಾಫಿ ಮೆಷೀನಿನ ಹತ್ತಿರ ನಾನೇ ಎಷ್ಟೋ ಸಲ ಗೊಣಗಿದ್ದೀನಿ. ಆದರೆ ಇಲ್ಲಿ ಬೇಕಾಗಿರೋದು ದೊಡ್ಡ ದುಡ್ಡಲ್ಲ. ವೇದಪಾಠದ ಸ್ವರಗುರುತುಗಳ ವಿಷಯದಲ್ಲಿ ಬಲ್ಲವರು ಪಟ್ಟಿ ಮಾಡಿ, ವಾದ ಮಾಡಿ, 2009ರ ಯೂನಿಕೋಡ್ 5.2ರಲ್ಲಿ ಅದಕ್ಕೇ ಒಂದು ಗುಂಪು ಸೇರಿಸಿಕೊಂಡರು. ನಮಗೆ ಅಷ್ಟೂ ಬೇಡ. ಚುಕ್ಕಿ ಯೂನಿಕೋಡಿನಲ್ಲಿ ಆಗಲೇ ಇದೆ. ಕನ್ನಡದ ಮುಕ್ತ ಫಾಂಟುಗಳಲ್ಲಿ ಸ ರಿ ಗ ಮ ಪ ದ ನಿ, ಈ ಏಳಕ್ಕೆ ಮೇಲೊಂದು ಕೆಳಗೊಂದು ಆಂಕರ್ ಇಡಬೇಕು. ಹದಿನಾಲ್ಕು ಬಿಂದು! ನಮ್ಮಲ್ಲಿ ಎಷ್ಟು ಜನ ಕನ್ನಡಿಗರು ಬೆಂಗಳೂರಿನಲ್ಲಿ ಕೂತು ಪರದೇಶದವರ ಪರದೆ ಮೇಲೆ ಒಂದು ಗುಂಡಿ ಎರಡು ಪಿಕ್ಸೆಲ್ ಆಚೆ ಇದೆ ಅಂತ ರಾತ್ರಿ ಹನ್ನೊಂದರವರೆಗೆ ಮೀಟಿಂಗ್ ಮಾಡಲ್ಲ ಹೇಳಿ? ಅದನ್ನು ನಾವು 'ಗುಂಡಿ ತಾನೇ' ಅನ್ನಲ್ಲ. ಸಿವಿಯರಿಟಿ ಒನ್ ಅಂತೀವಿ.

ನನ್ನ ಎರಡನೇ ಪ್ರಯತ್ನದಲ್ಲಿ ಮ್ಯಾಕ್ರೋ ಬಿಸಾಕಿದೆ. ಅಕ್ಕ ಈಗ ಸಾದಾ ಅಕ್ಷರದಲ್ಲಿ ಟೈಪಿಸ್ತಾಳೆ, ಮಂದ್ರಕ್ಕೆ ಸ್ವರದ ಹಿಂದೆ ಒಂದು ಕಳೆಯುವ ಗುರುತು, ತಾರಕ್ಕೆ ಕೂಡುವ ಗುರುತು. ಅದನ್ನು ಓದಿ ಪುಟ ಬಿಡಿಸೋಕೆ ಮುನ್ನೂರು ಸಾಲಿನ ಒಂದು ಪ್ರೋಗ್ರಾಂ. ಚುಕ್ಕಿಯನ್ನು ಫಾಂಟಿಗೆ ಬಿಡದೆ ಪ್ರೋಗ್ರಾಮೇ ಬಿಡಿಸುತ್ತೆ, ಅಕ್ಷರದ ಮಸಿ ಎಷ್ಟು ಅಗಲ ಇದೆ ಅಂತ ಅಳೆದು ಮಧ್ಯಕ್ಕೆ. ಮೊದಲು ಎತ್ತರವನ್ನೂ ಹಾಗೇ ಅಳೆದಿದ್ದೆ, ಯಾವ ಅಕ್ಷರ ಎಷ್ಟು ಎತ್ತರವೋ ಚುಕ್ಕಿ ಅದರ ಮೇಲೆ ಅಷ್ಟು. ಅಕ್ಕ ನೋಡಿ ಒಪ್ಪಲಿಲ್ಲ. 'ಚುಕ್ಕಿ ಕುಣೀತಿದೆ ಕಣೋ. ನಿ ಮೇಲೆ ಎತ್ತರ, ಸ ಮೇಲೆ ತಗ್ಗು. ಹಾಡೋವಾಗ ಕಣ್ಣು ಒಂದೇ ದಾರಿಯಲ್ಲಿ ಓಡುತ್ತೆ, ಎಲ್ಲಾ ಒಂದೇ ಮಟ್ಟದಲ್ಲಿರಲಿ' ಅಂದಳು. ಸ ಮೇಲೆ ಜಾಗ ಜಾಸ್ತಿಯಾಗಿ ನನ್ನ ಕಣ್ಣಿಗೆ ಸರಿ ಕಾಣಲಿಲ್ಲ. ಆದರೆ ಹಾಡೋಳು ಅವಳು. ಒಂದೇ ಮಟ್ಟಕ್ಕೆ ತಂದೆ. ಸಾಲಿನ ಅಂತರಕ್ಕೂ ಒಂದು ಮಿತಿ ಇಟ್ಟೆ: ಮೇಲಿನ ಸಾಲಿನ ಕೆಳಚುಕ್ಕಿಗೂ ಕೆಳಗಿನ ಸಾಲಿಗೂ ನಡುವೆ ಚುಕ್ಕಿಯ ಮೂರರಷ್ಟು ಜಾಗ ಇಲ್ಲದಿದ್ದರೆ ಪುಟವೇ ತಯಾರಾಗಲ್ಲ. ಕಾಗದ ಉಳಿಸೋರಿಗೆ ಬೇಕಾದರೆ ಅಕ್ಷರ ಚಿಕ್ಕದು ಮಾಡಿಕೊಳ್ಳಲಿ.

ಇದು ದೊಡ್ಡ ಸಾಧನೆ ಅಂತ ಹೇಳ್ತಿಲ್ಲ. ಮುನ್ನೂರು ಸಾಲು ನಮ್ಮ ಕಾಲೇಜು ಹುಡುಗರ ಒಂದು ವಾರದ ಕೆಲಸ. ಅದು ಇಷ್ಟು ವರ್ಷ ಆಗಿರಲಿಲ್ಲ ಅನ್ನೋದು ನನ್ನ ತಕರಾರು. ಪಾಠಪುಸ್ತಕ ಮಾಡಿಸೋ ಸಂಸ್ಥೆಗಳು ಡಿಟಿಪಿಯವರ ಹತ್ತಿರ ಪಿಡಿಎಫ್ ಇಸ್ಕೊಂಡು ಸುಮ್ಮನಾಗ್ತವೆ, ಮೂಲ ಕಡತ ಕೇಳಲ್ಲ. ಕೇಳಿ ಸ್ವಾಮಿ. ಅದರಲ್ಲಿ ಸ್ಥಾಯಿ ಎಲ್ಲಿ ಬರೆದಿದೆ ಅಂತಲೂ ಕೇಳಿ. 'ಚುಕ್ಕಿ ಇದೆಯಲ್ಲ ಸಾರ್' ಅಂದರೆ ಒಪ್ಪಬೇಡಿ. ಸಂಗೀತದ ಆ್ಯಪ್ ಮಾಡೋ ಗೆಳೆಯರೇ, ನಿಮ್ಮ ಪರದೆ ಮೇಲೆ ಚುಕ್ಕಿ ಚೆನ್ನಾಗೇ ಕಾಣ್ತಿದೆ. ನಾನು ಅದನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಉಳಿಯುತ್ತಾ?

ಪುನ್ನಾಗವರಾಳಿಯ ಪುಟವನ್ನು ಮೊನ್ನೆ ಹೊಸದಾಗಿ ತೆಗೆದು ಆ ಹುಡುಗಿಗೇ ಕೊಟ್ಟಳಂತೆ ಅಕ್ಕ. ಮೊದಲ ನಿ ನೋಡಿ 'ಇದು ಕೆಳಗಿನದು ಅಲ್ವಾ ಮಿಸ್?' ಅಂತ ಕೇಳಿ, ಶ್ರುತಿ ಹಿಡಿದು ಇಳಿದಳಂತೆ. ಹಳೆಯ ಇನ್ನೂರರಲ್ಲಿ ಮೂವತ್ತೇಳು ಪ್ರತಿ ತಿದ್ದೋಕೆ ಮುಂಚೆಯೇ ಮಾರಾಟವಾಗಿದ್ದವು. ಅವು ಯಾರ ಮನೆಯಲ್ಲಿವೆ, ಯಾರು ಅದನ್ನು ನೋಡಿಕೊಂಡು ಹಾಡ್ತಿದ್ದಾರೆ ಅಂತ ಅಕ್ಕ ಈಗಲೂ ಹುಡುಕ್ತಿದ್ದಾಳೆ.